ಕನ್ನಂಬಾಡಿಯ ವಿದ್ಯುತ್ತು, ಲೋಹದೊಳಗಿನ ಗುಂಪುನಡೆ

ಕನ್ನಂಬಾಡಿ ಕಟ್ಟೆ, ಅಂದರೆ ಕೃಷ್ಣರಾಜಸಾಗರ, ಎಂದೊಡನೆ ಮಂಡ್ಯ ಸೀಮೆಯ ಜನಕ್ಕೆ ನೆನಪಾಗುವುದು ಗದ್ದೆ, ಕಬ್ಬು, ವಿಶ್ವೇಶ್ವರಯ್ಯ ನಾಲೆ. ಅದು ಸಹಜವೇ. ನಾಲೆ ಹರಿದ ಮೇಲೆ ಇಲ್ಲಿನ ಬೇಸಾಯ, ಸಾಲ, ಮದುವೆ, ರಾಜಕಾರಣ ಎಲ್ಲವೂ ನೀರಿನ ಲೆಕ್ಕದಲ್ಲೇ ನಡೆದುಕೊಂಡು ಬಂದಿವೆ. ಆದರೆ 1911ರ ಅಕ್ಟೋಬರಿನಲ್ಲಿ ಮೈಸೂರು ಸರ್ಕಾರ 81 ಲಕ್ಷ ರೂಪಾಯಿಯ ಕಾಮಗಾರಿಗೆ ಒಪ್ಪಿಗೆ ಕೊಟ್ಟಾಗ ಎಲ್ಲರಿಗಿಂತ ಅವಸರವಾಗಿ ನೀರು ಬೇಕಾಗಿದ್ದದ್ದು ಶಿವನಸಮುದ್ರದ ವಿದ್ಯುದಾಗಾರಕ್ಕೆ. 1902ರ ಜೂನ್ 30ರಂದು ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿ ದೂರ ಕರೆಂಟು ಹರಿದಿತ್ತು. ಅಂದಿನ ಜಗತ್ತಿನಲ್ಲಿ ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ಮಾರ್ಗಗಳು ಬೆರಳೆಣಿಕೆಯಷ್ಟು. ಮಳೆಗಾಲ ಮುಗಿದು ಕಾವೇರಿ ಇಳಿದರೆ ಟರ್ಬೈನುಗಳಿಗೆ ನೀರು ಸಾಲುತ್ತಿರಲಿಲ್ಲ. ಗಣಿ ಕಂಪನಿಗಳಾದರೋ ವರ್ಷದಿಂದ ವರ್ಷಕ್ಕೆ ಹೆಚ್ಚು ಕರೆಂಟು ಕೇಳುತ್ತಿದ್ದವು. ಮುಖ್ಯ ಎಂಜಿನಿಯರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಮುಂದಿಟ್ಟ ಯೋಜನೆಯಲ್ಲಿ ಒಂದೂವರೆ ಲಕ್ಷ ಎಕರೆಯ ನೀರಾವರಿಯೂ ಇತ್ತು, ಗಣಿಗಳ ಬೇಡಿಕೆಯೂ ಇತ್ತು. ಮೊದಲು ಫಲ ಕಂಡದ್ದು ಎರಡನೆಯದು. 1915ರ ವೇಳೆಗೆ ಗಣಿಗಳಿಗೆ ಹೆಚ್ಚುವರಿ ವಿದ್ಯುತ್ತು ಹೋಯಿತು. ಪಾಂಡವಪುರ, ಮಂಡ್ಯದ ಬಯಲಿಗೆ ನಾಲೆಯ ನೀರು ಬರಲು ಮೂವತ್ತರ ದಶಕವೇ ಬರಬೇಕಾಯಿತು.

ಈ ಕಟ್ಟೆಯ ಬೆಲೆ ತೆತ್ತವರು ಯಾರು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಶ್ರೀರಂಗಪಟ್ಟಣದ ಮೇಲ್ಗಡೆ, ಅಂದು ಫ್ರೆಂಚ್ ರಾಕ್ಸ್ ಎಂದೂ ಹಿರೋಡೆ ಎಂದೂ ಕರೆಯುತ್ತಿದ್ದ ಪಾಂಡವಪುರದ ಮಗ್ಗುಲಲ್ಲಿ, ಅತ್ತಿಕುಪ್ಪೆ ಎಂಬ ಹಳೆಯ ಹೆಸರನ್ನು ಬಿಟ್ಟು ಕೃಷ್ಣರಾಜಪೇಟೆಯಾಗಿದ್ದ ತಾಲ್ಲೂಕಿನ ತಗ್ಗಿನಲ್ಲಿ, ಕಾವೇರಿಗೆ ಹೇಮಾವತಿ ಬಂದು ಸೇರುವ ಬಯಲೆಲ್ಲ ಮುಳುಗಿತು. ಹೊಯ್ಸಳರ ಕಾಲದ ವೇಣುಗೋಪಾಲ ದೇವಾಲಯವಿದ್ದ ಹಳೆಯ ಕನ್ನಂಬಾಡಿ ನೀರಿನಡಿಗೆ ಹೋಯಿತು. ಊರು ಎದ್ದು ಹೊಸ ಕನ್ನಂಬಾಡಿಯಾಗಿ ದಡಕ್ಕೆ ಬಂತು. ಅದೇ ಜಾಗದಲ್ಲಿ ಟಿಪ್ಪು ಸುಲ್ತಾನ್ 1794ರಲ್ಲಿ ಒಂದು ಅಣೆಕಟ್ಟೆಗೆ ಅಡಿಗಲ್ಲು ಹಾಕಿದ್ದನ್ನು ಹೇಳುವ ಪಾರಸಿ ಶಾಸನ ಕೆಲಸದ ವೇಳೆ ಸಿಕ್ಕಿತು. ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿದ ಸಾವಿರಾರು ಕೂಲಿಗಳ ಹೆಸರು ಯಾವ ಶಾಸನದಲ್ಲೂ ಇಲ್ಲ. ಮುಳುಗಡೆಯ ಕಥೆಯನ್ನು ನೀರಾವರಿಯ ಕಥೆಯ ಜತೆಗೆ ಜೋಡಿಸಿ ಹೇಳುವುದು ರೂಢಿ. ಅದನ್ನು ವಿಜ್ಞಾನದ ಕಥೆಯ ಜತೆಗೂ ಜೋಡಿಸಬೇಕು ಎಂಬುದು ನನ್ನ ನಿಲುವು. ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ ದೀಪ ಬಂದದ್ದು ಶಿವನಸಮುದ್ರದ ಕರೆಂಟಿನಿಂದ. 1948ರಲ್ಲಿ ಜೋಗದ ವಿದ್ಯುತ್ತು ಬರುವವರೆಗೂ ಆ ನಗರದ ಪ್ರಯೋಗಾಲಯಗಳಲ್ಲಿ ಉರಿದ ದೀಪ, ತಿರುಗಿದ ಪಂಪುಗಳಿಗೆಲ್ಲ ಶಕ್ತಿ ಬಂದದ್ದು ಮುಖ್ಯವಾಗಿ ಕಾವೇರಿಯಿಂದ ಮತ್ತು ಅದರ ಉಪನದಿ ಶಿಂಷೆಯಿಂದ. ನಾಗಮಂಗಲದ ವೀರವೈಷ್ಣವಿ ಹೊಳೆ ಸೇರುವುದೂ ಆ ಶಿಂಷೆಯನ್ನೇ. ಹಾಗಾಗಿ ಈ ನಾಲ್ಕು ತಾಲ್ಲೂಕುಗಳ ನೀರು ಬೆಂಗಳೂರಿನ ಭೌತವಿಜ್ಞಾನದ ಲೆಕ್ಕಪುಸ್ತಕದಲ್ಲಿ ಜಮಾ ಆಗಬೇಕಾದದ್ದೇ.

ಆ ಪ್ರಯೋಗಾಲಯಗಳ ಹುಟ್ಟಿನಲ್ಲಿ ಒಂದು ವಿಶೇಷವಿದೆ. ಜಮ್‌ಶೇಟ್‌ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಯ ಕನಸಿಗೆ ಊರು ಹುಡುಕಲು 1900ರಲ್ಲಿ ಭಾರತ ಸುತ್ತಿದವರು ವಿಲಿಯಂ ರ‍್ಯಾಮ್ಸೆ. ಅವರು ಬೆಂಗಳೂರನ್ನು ಶಿಫಾರಸು ಮಾಡಿದರು. ಸೂರ್ಯನ ಬೆಳಕಿನಲ್ಲಷ್ಟೇ ಸುಳಿವು ಕೊಟ್ಟಿದ್ದ ಹೀಲಿಯಂ ಅನಿಲವನ್ನು 1895ರಲ್ಲಿ ಭೂಮಿಯ ಖನಿಜವೊಂದರಿಂದ ಹೊರತೆಗೆದು ತೋರಿಸಿದವರೂ ಅವರೇ. ಮೈಸೂರು ಅರಸರು ಕೊಟ್ಟ 371 ಎಕರೆ ನೆಲದಲ್ಲಿ ಎದ್ದ ಆ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಬಂದವರು ರ‍್ಯಾಮ್ಸೆಯ ಜತೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನು ಬೇರ್ಪಡಿಸಿದ, ಹೈಡ್ರೋಜನನ್ನು ದ್ರವವಾಗಿಸುವುದರಲ್ಲಿ ಪಳಗಿದ ಮಾರಿಸ್ ಟ್ರಾವರ್ಸ್. 1911ರ ಜುಲೈನಲ್ಲಿ ಅಲ್ಲಿ ಪಾಠ ಶುರುವಾಯಿತು. ಮೊದಲ ವಿಭಾಗಗಳಲ್ಲಿ ರಸಾಯನಶಾಸ್ತ್ರದ ಜತೆಗೆ ವಿದ್ಯುತ್ ತಂತ್ರಶಾಸ್ತ್ರವೂ ಇತ್ತು. ಅದಕ್ಕೆ ಮೂರು ತಿಂಗಳು ಮುಂಚೆ, ಏಪ್ರಿಲ್ 8ರಂದು, ಹಾಲೆಂಡಿನ ಲೈಡನ್‌ನಲ್ಲಿ ಕ್ಯಾಮರ್ಲಿಂಗ್ ಓನ್ನೆಸ್ ಅವರ ತಂಡ ಪಾದರಸದ ತಂತಿಯನ್ನು ದ್ರವ ಹೀಲಿಯಂನಲ್ಲಿ ತಣ್ಣಗಾಗಿಸಿದಾಗ, ಮೈನಸ್ 269 ಡಿಗ್ರಿಯ ಸುಮಾರಿಗೆ ಅದರ ವಿದ್ಯುತ್ ರೋಧ ಥಟ್ಟನೆ ಮಾಯವಾಗಿತ್ತು. ಅತಿವಾಹಕತೆ ಎಂದು ನಾವಿಂದು ಕರೆಯುವ ಗುಣ ಜಗತ್ತಿಗೆ ಕಂಡದ್ದು ಹೀಗೆ. ಕಟ್ಟೆಯ ಒಪ್ಪಿಗೆ, ಸಂಸ್ಥೆಯ ಪಾಠ, ಲೈಡನ್‌ನ ಶೋಧ ಮೂರೂ ಒಂದೇ ವರ್ಷಕ್ಕೆ ಬಿದ್ದದ್ದು ಕಾಕತಾಳೀಯ, ಅದರಿಂದ ಏನನ್ನೂ ಸಾಧಿಸಲಾಗದು. ಆದರೆ ವಿದ್ಯುತ್ತನ್ನು ದೂರ ಸಾಗಿಸುವ ರಾಜ್ಯವೊಂದು, ಶೀತಲ ಅನಿಲಗಳ ಪರಿಣತರು ರೂಪುಕೊಟ್ಟ ಸಂಸ್ಥೆಯೊಂದನ್ನು ತನ್ನ ನೆಲ, ತನ್ನ ದುಡ್ಡಿನಿಂದ ಸಾಕಿದ್ದು ಕಾಕತಾಳೀಯವಲ್ಲ. ಎರಡರ ಹಿಂದೆಯೂ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಕಾಲದಿಂದ ಹರಿದುಬಂದ ಆಡಳಿತದ ದೃಷ್ಟಿಯಿತ್ತು.

ಅಂದಿನ ಮೈಸೂರು ವಿದ್ಯುತ್ತನ್ನು ನೋಡಿದ್ದು ಸಾಗಣೆಯ ಸರಕಾಗಿ. ತಂತಿಯಲ್ಲಿ ಕರೆಂಟು ಹರಿದರೆ ಒಂದಷ್ಟು ಶಕ್ತಿ ಶಾಖವಾಗಿ ಸೋರುತ್ತದೆ. ಕರೆಂಟು ಇಮ್ಮಡಿಯಾದರೆ ಸೋರಿಕೆ ನಾಲ್ಮಡಿಯಾಗುತ್ತದೆ. ಆದ್ದರಿಂದಲೇ ಕೋಲಾರದ ಮಾರ್ಗದಲ್ಲಿ ವೋಲ್ಟೇಜನ್ನು ಸುಮಾರು 35,000ಕ್ಕೆ ಏರಿಸಿ ಕರೆಂಟನ್ನು ತಗ್ಗಿಸಿದರು. ಈ ಅನುಭವದಿಂದ ಬಂದ ಸಮಾಜ ಅತಿವಾಹಕದ ಸುದ್ದಿ ಕೇಳಿದಾಗ ಮೊದಲು ಕೇಳುವ ಪ್ರಶ್ನೆ ಒಂದೇ: ಸೋರಿಕೆ ಇಲ್ಲದ ತಂತಿ ಎಂದು ಸಿಕ್ಕೀತು? 1987ರಲ್ಲಿ ತಾಮ್ರದ ಆಕ್ಸೈಡುಗಳ ಅತಿವಾಹಕತೆ ಸುದ್ದಿಯಾದಾಗ ಪತ್ರಿಕೆಗಳು ಕೇಳಿದ್ದೂ ಇದನ್ನೇ, ಇಂದು ಕೇಳುವುದೂ ಇದನ್ನೇ. ನನ್ನ ವಾದ ಬೇರೆ. ಅತಿವಾಹಕತೆಯ ಇತಿಹಾಸದಲ್ಲಿ ಸೊನ್ನೆ ರೋಧ ಎಂಬುದು ಹೊರಬಾಗಿಲು ಮಾತ್ರ. ಕೋಟ್ಯಂತರ ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ನಡೆಯುವುದನ್ನು ಬಿಟ್ಟು ಒಂದೇ ಗುಂಪಾಗಿ ನಡೆಯುತ್ತವೆ ಎಂಬುದು ಒಳಗಿನ ಸಂಗತಿ. ಆ ಗುಂಪಿಗೆ ತನ್ನದೇ ಆದ ತೊನೆದಾಟಗಳಿವೆ. ಅವನ್ನು ಕಾಣುವ ಕಣ್ಣು ಬೆಳೆದದ್ದರಲ್ಲಿ ಹಳೆಯ ಮೈಸೂರಿನ ಪಾಲು, ತಂತಿಯ ಕನಸಿನಲ್ಲಿ ಅದಕ್ಕಿದ್ದ ಪಾಲಿಗಿಂತ ದೊಡ್ಡದು. ನಮ್ಮ ಕಡೆಯ ವಿಜ್ಞಾನದ ಇತಿಹಾಸವನ್ನು ಆ ತುದಿಯಿಂದ ಬರೆಯಬೇಕು.

ಲೋಹವೊಂದು ಎಷ್ಟು ಚೆನ್ನಾಗಿ ಕರೆಂಟು ಸಾಗಿಸುತ್ತದೆ ಎಂಬುದಕ್ಕೂ ಅದು ಅತಿವಾಹಕವಾಗುತ್ತದೆಯೇ ಎಂಬುದಕ್ಕೂ ನೇರ ನಂಟಿಲ್ಲ ಎಂಬುದೇ ಈ ಮಾತಿಗೆ ಮೊದಲ ಸಾಕ್ಷಿ. ನಾಗಮಂಗಲ ಎರಕದ ಕೆಲಸಕ್ಕೆ ಹೆಸರಾದ ಊರು; ಅಲ್ಲಿ ಹಿತ್ತಾಳೆಯ, ಕಂಚಿನ ವಿಗ್ರಹ ಎರೆಯುವ ಕಸುಬು ಹಳೆಯದು. ಅಂಥ ಕುಲುಮೆಗೆ ಬರುವ ಲೋಹಗಳನ್ನೇ ತೆಗೆದುಕೊಳ್ಳಿ. ತಾಮ್ರ ಅವುಗಳಲ್ಲೆಲ್ಲ ಒಳ್ಳೆಯ ವಾಹಕ, ಆದರೆ ಎಷ್ಟು ತಣ್ಣಗಾಗಿಸಿದರೂ ಅದು ಅತಿವಾಹಕವಾದದ್ದನ್ನು ಯಾರೂ ಕಂಡಿಲ್ಲ. ಬೆಳ್ಳಿ, ಚಿನ್ನದ್ದೂ ಅದೇ ಕಥೆ. ತಾಮ್ರಕ್ಕೆ ಹೋಲಿಸಿದರೆ ಸಾಮಾನ್ಯ ವಾಹಕಗಳಾದ ತವರ 3.7 ಕೆಲ್ವಿನ್‌ನಲ್ಲಿ, ಸೀಸ 7.2 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತವೆ. ಸತುವೂ ಒಂದು ಕೆಲ್ವಿನ್‌ಗಿಂತ ಕೆಳಗೆ ಆಗುತ್ತದೆ. ಎಲೆಕ್ಟ್ರಾನುಗಳಿಗೆ ಅಡ್ಡಿ ಕಡಿಮೆಯಿರುವ ಲೋಹ ಮುಂದೆ ಹೋಗಿ ಅಡ್ಡಿಯೇ ಇಲ್ಲದ ಲೋಹವಾಗುತ್ತದೆ ಎಂಬ ಊಹೆ ಇಲ್ಲಿ ಮುರಿದು ಬೀಳುತ್ತದೆ. ತವರ, ಸೀಸಗಳ ಹರಳಿನ ಕಂಪನ ಎಲೆಕ್ಟ್ರಾನುಗಳನ್ನು ಬಲವಾಗಿ ಹಿಡಿಯುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ರೋಧವನ್ನು ಹೆಚ್ಚಿಸುವ ಆ ಹಿಡಿತವೇ, ತಂಪಿನಲ್ಲಿ ಎಲೆಕ್ಟ್ರಾನುಗಳನ್ನು ಜೋಡಿಗೂಡಿಸುತ್ತದೆ. ಕಂಪನ ಮತ್ತು ಎಲೆಕ್ಟ್ರಾನುಗಳ ಈ ಸಂಬಂಧವನ್ನು ಬಿಡಿಸದೆ ಅತಿವಾಹಕತೆ ಅರ್ಥವಾಗುವಂತಿರಲಿಲ್ಲ. ಹರಳಿನ ಕಂಪನವನ್ನು ಅಳೆಯುವ ಕೆಲಸಕ್ಕೆ ಬೆಂಗಳೂರು ಹೆಸರಾದದ್ದು ಈ ಕಾರಣಕ್ಕೆ ಮುಖ್ಯ.

ಸಿ.ವಿ. ರಾಮನ್ ಅವರು ಬೆಳಕಿನ ಚದುರಿಕೆಯ ಹೊಸ ಪರಿಣಾಮವನ್ನು ಕಂಡದ್ದು 1928ರಲ್ಲಿ, ಕಲ್ಕತ್ತೆಯಲ್ಲಿ. ಅದನ್ನು ಬೆಂಗಳೂರಿನದೆಂದು ಹೇಳಿಕೊಳ್ಳುವುದು ಸುಳ್ಳಾಗುತ್ತದೆ. 1933ರಲ್ಲಿ ಅವರು ಟಾಟಾ ಸಂಸ್ಥೆಯ ನಿರ್ದೇಶಕರಾಗಿ ಇಲ್ಲಿಗೆ ಬಂದರು; ಮರುವರ್ಷ ಮೈಸೂರು ಸರ್ಕಾರ ಅವರ ಅಕಾಡೆಮಿಗೆ ಜಮೀನು ಕೊಟ್ಟಿತು, ಮುಂದೆ ಅಲ್ಲಿಯೇ ಅವರ ಹೆಸರಿನ ಸಂಶೋಧನಾ ಸಂಸ್ಥೆ ಎದ್ದಿತು. ವಸ್ತುವೊಂದರ ಮೇಲೆ ಒಂದೇ ಬಣ್ಣದ ಬೆಳಕು ಬಿಟ್ಟರೆ, ಚದುರಿ ಬರುವ ಬೆಳಕಿನ ಒಂದು ಸಣ್ಣ ಪಾಲು ಬೇರೆ ಬಣ್ಣದ್ದಾಗಿರುತ್ತದೆ. ಬಣ್ಣ ಎಷ್ಟು ಪಲ್ಲಟವಾಯಿತು ಎಂಬುದರಲ್ಲಿ ವಸ್ತುವಿನೊಳಗಿನ ಕಂಪನದ ಶಕ್ತಿ ಗೊತ್ತಾಗುತ್ತದೆ. 1935ರಿಂದ 36ರವರೆಗೆ, ಹಿಟ್ಲರನ ಜರ್ಮನಿಯನ್ನು ತೊರೆದಿದ್ದ ಮ್ಯಾಕ್ಸ್ ಬಾರ್ನ್ ಅವರು ರಾಮನ್ ಅವರ ಆಹ್ವಾನದ ಮೇಲೆ ಸುಮಾರು ಆರು ತಿಂಗಳು ಬೆಂಗಳೂರಿನಲ್ಲಿದ್ದರು. ಅವರಿಗೆ ಇಲ್ಲೇ ಕಾಯಂ ಹುದ್ದೆ ಕೊಡಿಸುವ ರಾಮನ್ ಅವರ ಪ್ರಯತ್ನ ಕೈಗೂಡಲಿಲ್ಲ. ಅದೇ ಇಬ್ಬರು ಮುಂದೆ ಹತ್ತಾರು ವರ್ಷ ಹರಳಿನ ಕಂಪನದ ಬಗ್ಗೆ ಕಾದಾಡಿದರು. ಹರಳಿನ ಪರಮಾಣುಗಳ ಸಾಮೂಹಿಕ ಕಂಪನಗಳು ಎಣಿಕೆಗೆ ಸಿಗದಷ್ಟು, ನೆರೆಯ ಪರಮಾಣು ಗುಂಪುಗಳ ಏರಿಳಿತದ ನಡುವೆ ಎಷ್ಟು ಬೇಕಾದರೂ ಹೊಂದಿಕೆಯ ವ್ಯತ್ಯಾಸವಿರಬಹುದು ಎಂಬುದು ಬಾರ್ನ್ ಪಕ್ಷ. ನೆರೆಯ ಗುಂಪುಗಳು ಒಂದೋ ಜತೆಜತೆಗೆ ತೊನೆಯುತ್ತವೆ, ಇಲ್ಲವೇ ತೀರಾ ಎದುರುಬದುರಾಗಿ. ಆದ್ದರಿಂದ ಕಂಪನಗಳ ಸಂಖ್ಯೆ ಕೆಲವೇ ಕೆಲವು ಎಂಬುದು ರಾಮನ್ ಪಕ್ಷ.

ವಾದಕ್ಕೆ ರಾಮನ್ ಒದಗಿಸಿದ ಸಾಕ್ಷಿ ಅಪೂರ್ವವಾದದ್ದು. ಅವರ ಶಿಷ್ಯ ಆರ್.ಎಸ್. ಕೃಷ್ಣನ್ ಕ್ವಾರ್ಟ್ಜ್ ಕೊಳವೆಯ ಪಾದರಸದ ದೀಪದಿಂದ ಬರುವ ಅತಿನೇರಳೆ ಬೆಳಕನ್ನು ವಜ್ರದ ಮೇಲೆ ಬಿಟ್ಟರು. ಬಣ್ಣ ಬದಲಾಗದೆ ಚದುರಿದ ಬೆಳಕು ಫೋಟೋ ಪ್ಲೇಟಿನ ಮೇಲೆ ಬಿದ್ದರೆ ಕ್ಷೀಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಅದನ್ನು ತಡೆಯಲು ದಾರಿಯಲ್ಲೇ ಪಾದರಸದ ಆವಿಯನ್ನು ಇಟ್ಟು, ಆ ಬೆಳಕನ್ನು ಅದಕ್ಕೆ ಹೀರಿಸಿದರು. ಬಹಳ ಹೊತ್ತು ಪ್ಲೇಟನ್ನು ಒಡ್ಡಿದ ಮೇಲೆ, ವಜ್ರದ ಪ್ರಸಿದ್ಧವಾದ, ಸೆಂಟಿಮೀಟರಿಗೆ 1332 ಅಲೆಗಳಷ್ಟು ಪಲ್ಲಟವಾದ ಗೆರೆಯ ಆಚೆಗೆ ಹಿಂದೆ ಯಾರೂ ಸರಿಯಾಗಿ ಕಾಣದಿದ್ದ ಎರಡನೆಯ ಸಾಲಿನ ಕ್ಷೀಣ ರಚನೆಗಳು ಮೂಡಿದವು. ಅಲ್ಲಿ ಕಂಡ ಚೂಪು ಶಿಖರಗಳೇ ತಮ್ಮ ಕೆಲವೇ ಕಂಪನಗಳೆಂದರು ರಾಮನ್. ಬಾರ್ನ್ ಅವರ ಎಡಿನ್‌ಬರೋ ಬಳಗದ ಹೆಲೆನ್ ಸ್ಮಿತ್ 1948ರಲ್ಲಿ ಅದೇ ರಚನೆಯನ್ನು ಎಣಿಕೆಗೆ ಸಿಗದ ಕಂಪನಗಳ ಲೆಕ್ಕದಿಂದಲೇ ಪಡೆದು ತೋರಿಸಿದರು. ಮುಂದೆ ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಪಕ್ಷವನ್ನೇ ಗಟ್ಟಿ ಮಾಡಿದವು. ಸಿದ್ಧಾಂತದಲ್ಲಿ ರಾಮನ್ ಸೋತರು, ಇದರಲ್ಲಿ ಅನುಮಾನವಿಲ್ಲ. ಆದರೆ ಎದುರು ಪಕ್ಷ ತನ್ನ ಲೆಕ್ಕವನ್ನು ಒರೆಗೆ ಹಚ್ಚಿ ನೋಡಿದ್ದು ಬೆಂಗಳೂರಿನ ಪ್ಲೇಟುಗಳ ಮೇಲೆ. ಗುಂಪಿನ ಚಲನೆಯನ್ನು ಬೆಳಕಿನ ಬಣ್ಣದ ಪಲ್ಲಟದಲ್ಲಿ ಓದುವ, ನೆರೆಹೊರೆಯ ಏರಿಳಿತಗಳು ಜತೆಗೋ ಎದುರುಬದುರೋ ಎಂದು ಕೇಳುವ ವಿದ್ಯೆ ಇಲ್ಲಿ ಒಂದು ಪರಂಪರೆಯಾಗಿ ನೆಲೆ ನಿಂತಿತು. ಕಾವೇರಿ, ಶಿಂಷೆಗಳ ಕರೆಂಟು ದೀಪವಾಗಿ ಉರಿದ ಕಾಲ ಅದು. ನಮ್ಮ ಸ್ಥಳೀಯ ಚರಿತ್ರೆಗಳಲ್ಲಿ ಈ ಅಧ್ಯಾಯಕ್ಕೆ ಒಂದು ಸಾಲೂ ಸಿಗದಿರುವುದು ನೋವಿನ ಸಂಗತಿ.

ಅತ್ತ ಅತಿವಾಹಕತೆಗೆ ತೃಪ್ತಿಕರವಾದ ಸಿದ್ಧಾಂತ ಬಂದದ್ದು 1957ರಲ್ಲಿ, ಬಾರ್ಡೀನ್, ಕೂಪರ್, ಶ್ರೀಫರ್ ಅವರಿಂದ. ಎಲೆಕ್ಟ್ರಾನುಗಳು ಜೋಡಿಗೂಡುತ್ತವೆ, ಜೋಡಿಗಳೆಲ್ಲ ಒಂದೇ ಅಲೆಯ ಏರಿಳಿತದಲ್ಲಿ, ಒಂದೇ ಪ್ರಾವಸ್ಥೆಯಲ್ಲಿ ಇರುತ್ತವೆ, ಒಂದು ಜೋಡಿಯನ್ನು ಒಡೆಯಲು ಇಂತಿಷ್ಟು ಶಕ್ತಿ ಬೇಕು. ಅಂಥ ಗುಂಪಿಗೆ ಎರಡು ಬಗೆಯ ತೊನೆದಾಟ ಸಾಧ್ಯ: ಪ್ರಾವಸ್ಥೆ ಹಿಂದೆಮುಂದೆ ಆಗುವುದು ಒಂದು, ಜೋಡಿಗೂಡುವಿಕೆಯ ಬಲವೇ ಹೆಚ್ಚುಕಡಿಮೆ ಆಗುವುದು ಇನ್ನೊಂದು. ಮೊದಲನೆಯದು ಸುಲಭವಾಗಿ ಕಾಣಿಸಬೇಕಿತ್ತು, ಕಾಣಲಿಲ್ಲ. ಎಲೆಕ್ಟ್ರಾನುಗಳಿಗೆ ವಿದ್ಯುದಂಶ ಇರುವುದರಿಂದ ಪ್ರಾವಸ್ಥೆ ಅಲುಗಿದೊಡನೆ ಒಂದೆಡೆ ವಿದ್ಯುದಂಶ ಒಟ್ಟುಗೂಡುತ್ತದೆ. ಅದರ ವಿಕರ್ಷಣೆ ಈ ಕಂಪನವನ್ನು ಎಟುಕದಷ್ಟು ಮೇಲಿನ ಶಕ್ತಿಗೆ ಎತ್ತಿಬಿಡುತ್ತದೆ ಎಂದು ಫಿಲಿಪ್ ಆಂಡರ್ಸನ್ ತೋರಿಸಿದರು. ಕಣಗಳಿಗೆ ದ್ರವ್ಯರಾಶಿ ಬರುವ ಬಗೆಯನ್ನು ವಿವರಿಸುವ ಹಿಗ್ಸ್ ಸಿದ್ಧಾಂತಕ್ಕೆ ಈ ವಿಚಾರವೇ ಒಂದು ಬೀಜವಾಯಿತು. ಹಾಗಿದ್ದರೆ ಪ್ರಾವಸ್ಥೆಯ ತೊನೆದಾಟವನ್ನು ಕೆಳಗಿನ ಶಕ್ತಿಯಲ್ಲಿ ನೋಡುವ ದಾರಿಯೇ ಇಲ್ಲವೇ? 1959ರಲ್ಲಿ ಸೂಲ್, ಮಥಾಯಸ್, ವಾಕರ್ ಅವರು ಒಂದೇ ಲೋಹದೊಳಗೆ ಎರಡು ಶಕ್ತಿಪಟ್ಟಿಗಳ ಎಲೆಕ್ಟ್ರಾನುಗಳು ಬೇರೆಬೇರೆಯಾಗಿ ಜೋಡಿಗೂಡುವ ಸಾಧ್ಯತೆಯನ್ನು ಲೆಕ್ಕ ಹಾಕಿದ್ದರು. ಅದನ್ನು ಹಿಡಿದು 1966ರಲ್ಲಿ ಆಂಥನಿ ಲೆಗೆಟ್ ಉತ್ತರ ಕೊಟ್ಟರು. ಎರಡು ಪಟ್ಟಿಗಳಿದ್ದರೆ ಪ್ರಾವಸ್ಥೆಗಳೂ ಎರಡು. ಅವೆರಡರ ನಡುವಣ ವ್ಯತ್ಯಾಸ ಮಾತ್ರ ತೊನೆದರೆ ವಿದ್ಯುದಂಶ ಎಲ್ಲೂ ಒಟ್ಟುಗೂಡುವುದಿಲ್ಲ. ಆಂಡರ್ಸನ್ ಹೇಳಿದ ತಡೆ ಇಲ್ಲಿಗೆ ಅನ್ವಯಿಸುವುದಿಲ್ಲ.

ಶ್ರೀರಂಗಪಟ್ಟಣದ ಮೇಲ್ತುದಿಯಲ್ಲಿ ಕಾವೇರಿ ಎರಡಾಗಿ ಕವಲೊಡೆದು, ದ್ವೀಪವನ್ನು ಬಳಸಿ, ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ಕಟ್ಟೆಯಿಂದ ಬಿಟ್ಟ ನೀರು ಅಷ್ಟೇ ಇರುವಾಗ ಉತ್ತರದ ಕವಲಿನಲ್ಲಿ ಒಂದಿಷ್ಟು ಏರಿದರೆ ದಕ್ಷಿಣದ್ದರಲ್ಲಿ ಅಷ್ಟು ಇಳಿಯಲೇಬೇಕು. ಸಂಗಮದ ಕೆಳಗೆ ನಿಂತು ಅಳೆಯುವವನಿಗೆ ಯಾವ ಬದಲಾವಣೆಯೂ ಕಾಣದು. ಲೆಗೆಟ್ ಹೇಳಿದ ತೊನೆದಾಟದ ಸ್ವಭಾವ ಇಂಥದು: ಒಟ್ಟು ಮೊತ್ತ ಅಲುಗದೆ ಎರಡು ಪಾಲುಗಳ ನಡುವೆ ಮಾತ್ರ ಹೋಗಿಬರುವ ಓಲಾಟ. ಹೋಲಿಕೆಯ ಮಿತಿಯನ್ನೂ ಹೇಳಬೇಕು. ಹೊಳೆಯ ಕವಲುಗಳ ನಡುವೆ ದ್ವೀಪವಿದೆ, ಲೋಹದ ಎರಡು ಪಟ್ಟಿಗಳ ನಡುವೆ ನೆಲವಿಲ್ಲ. ಅವೆರಡೂ ಒಂದೇ ಜಾಗವನ್ನು ತುಂಬಿವೆ, ಎಲೆಕ್ಟ್ರಾನುಗಳ ವೇಗ ಮತ್ತು ದಿಕ್ಕಿನ ಲೆಕ್ಕದಲ್ಲಿ ಮಾತ್ರ ಬೇರೆ. ಒಂದು ಪಟ್ಟಿಯ ಜೋಡಿ ಇನ್ನೊಂದಕ್ಕೆ ಜಿಗಿಯುವ ಸಾಧ್ಯತೆಯೇ ಎರಡೂ ಪ್ರಾವಸ್ಥೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಆ ಕಟ್ಟು ಸಡಿಲವಾಗಿದ್ದರೆ ಓಲಾಟ ಕಡಿಮೆ ಶಕ್ತಿಯಲ್ಲಿ ಸ್ಪಷ್ಟವಾಗಿ ಇರುತ್ತದೆ. ಬಿಗಿಯಾದಷ್ಟೂ ಶಕ್ತಿ ಏರಿ, ಕೊನೆಗೆ ಜೋಡಿಗಳನ್ನೇ ಒಡೆಯುವ ಮಟ್ಟ ತಲುಪಿ ಕದಡಿಹೋಗುತ್ತದೆ.

ಈ ಓಲಾಟವನ್ನು ನೋಡುವುದಕ್ಕೆ ಕರೆಂಟು ಅಳೆಯುವ ಉಪಕರಣದಿಂದ ಪ್ರಯೋಜನವಿಲ್ಲ. ಒಟ್ಟು ಹರಿವು ಬದಲಾಗದ ಸಂಗತಿಯನ್ನು ಒಟ್ಟು ಹರಿವಿನ ಮಾಪಕ ಹೇಗೆ ಹೇಳೀತು? ಬೆಳಕಿನ ಚದುರಿಕೆ ಹಾಗಲ್ಲ. ಎರಡು ಪಟ್ಟಿಗಳ ಎಲೆಕ್ಟ್ರಾನುಗಳು ಬೆಳಕಿಗೆ ಬೇರೆಬೇರೆ ಪ್ರಮಾಣದಲ್ಲಿ ಸ್ಪಂದಿಸುವುದರಿಂದ, ಒಂದರ ಎದುರು ಇನ್ನೊಂದನ್ನು ಸರಿಸುವ ಶಕ್ತಿ ಅದಕ್ಕಿದೆ. ಹಾಗಾಗಿಯೇ ಅತಿವಾಹಕಗಳ ಸಾಮೂಹಿಕ ಕಂಪನದ ಇತಿಹಾಸದಲ್ಲಿ ನಿರ್ಣಾಯಕ ಗಳಿಗೆಗಳು ರಾಮನ್ ವಿಧಾನದ ಮೂಲಕ ಬಂದವು. 1980ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಸೂರ್ಯಕುಮಾರ್ ಮತ್ತು ಕ್ಲೈನ್ ಅವರು ನಿಯೋಬಿಯಂ ಸೆಲೆನೈಡ್ ಎಂಬ ಪದರ ಪದರದ ವಸ್ತುವಿನಲ್ಲಿ, ಅದು ಅತಿವಾಹಕವಾದಾಗ ಮಾತ್ರ ಮೂಡುವ ಹೊಸ ಶಿಖರಗಳನ್ನು ಕಂಡರು. ಜೋಡಿಗೂಡುವಿಕೆಯ ಬಲ ಹೆಚ್ಚುಕಡಿಮೆಯಾಗುವ ಕಂಪನ ಅದೆಂದು ಲಿಟಲ್‌ವುಡ್ ಮತ್ತು ಚಂದ್ರ ವರ್ಮಾ ಮರುವರ್ಷ ವಿವರಿಸಿದರು. ಲೆಗೆಟ್ ಅವರ ಓಲಾಟಕ್ಕೆ ಇನ್ನೂ ಕಾಯಬೇಕಾಯಿತು, ಏಕೆಂದರೆ ಎರಡು ಪಟ್ಟಿಗಳು ಅಚ್ಚುಕಟ್ಟಾಗಿ ಬೇರೆಯಾಗಿರುವ ವಸ್ತುವೇ ಸಿಕ್ಕಿರಲಿಲ್ಲ. ಸಿಕ್ಕಿದ್ದು 2001ರಲ್ಲಿ. ಜಪಾನಿನ ಜುನ್ ಅಕಿಮಿತ್ಸು ಬಳಗ ಮೆಗ್ನೀಷಿಯಂ ಡೈಬೋರೈಡ್ 39 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ ಎಂದು ಪ್ರಕಟಿಸಿತು. ಐವತ್ತರ ದಶಕದಿಂದ ರಸಾಯನಶಾಸ್ತ್ರಜ್ಞರಿಗೆ ಗೊತ್ತಿದ್ದ ಸಾಮಾನ್ಯ ಸಂಯುಕ್ತ ಅದು. ಅಷ್ಟು ವರ್ಷ ಯಾರೂ ಅದನ್ನು ತಣ್ಣಗಾಗಿಸಿ ಈ ಗುಣವನ್ನು ಕಂಡಿರಲಿಲ್ಲ. ಬೋರಾನ್ ಹಾಳೆಯ ಉದ್ದಗಲಕ್ಕೆ ಬಿಗಿಯಾಗಿ ಹರಡಿದ ಎಲೆಕ್ಟ್ರಾನುಗಳು ಒಂದು ಗುಂಪು, ಹಾಳೆಯ ಮೇಲೆ ಕೆಳಗೆ ಚಾಚಿದವು ಇನ್ನೊಂದು. ಮೊದಲಿನವು ಬಲವಾಗಿ, ಎರಡನೆಯವು ಮೆತ್ತಗೆ ಜೋಡಿಗೂಡುತ್ತವೆ. 2007ರಲ್ಲಿ ಗಿರ್ಷ್ ಬ್ಲೂಂಬರ್ಗ್ ಮತ್ತು ಸಂಗಡಿಗರು ಅದರ ಹರಳುಗಳಿಂದ ಚದುರಿದ ಲೇಸರ್ ಬೆಳಕಿನಲ್ಲಿ, 9.4 ಮಿಲಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಹತ್ತಿರ, ಹರಳಿನ ಪೂರ್ಣ ಸಮ್ಮಿತಿಗೆ ಹೊಂದುವ ಜೋಡಣೆಯಲ್ಲಿ ಒಂದು ಶಿಖರವನ್ನು ಗುರುತಿಸಿ, ಇದು ಲೆಗೆಟ್ ಹೇಳಿದ್ದು ಎಂದರು. ಮುನ್ನುಡಿದು ನಾಲ್ಕು ದಶಕ ಕಳೆದಿತ್ತು.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಮೆತ್ತಗಿನ ಗುಂಪಿನ ಜೋಡಿಯನ್ನು ಒಡೆಯಲು ಬೇಕಾದ ಶಕ್ತಿ ಇದಕ್ಕಿಂತ ಕಡಿಮೆ, ಸುಮಾರು ಐದು ಮಿಲಿ ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ ಆ ಶಿಖರ ಶುದ್ಧವಾದ ಕಂಪನವಾಗಿರಲು ಸಾಧ್ಯವಿಲ್ಲ, ಹುಟ್ಟುತ್ತಲೇ ಜೋಡಿಗಳನ್ನು ಒಡೆಯುತ್ತ ಸೊರಗುತ್ತದೆ. ಶಿಖರ ಅಗಲವಾಗಿ ಕಂಡದ್ದಕ್ಕೆ ಕಾರಣವೂ ಅದೇ. ಆದರೆ ಅಲ್ಪಾಯುವಾದ ಕಂಪನ ಇಲ್ಲವೇ ಇಲ್ಲ ಎನ್ನಲಾಗದು. ಮುಂದೆ 2013ರಲ್ಲಿ ಟೋಕಿಯೋದ ಶಿಮಾನೊ ಬಳಗ ಟೆರಾಹರ್ಟ್ಜ್ ಬೆಳಕಿನ ಕ್ಷಣಿಕ ಮಿಡಿತದಿಂದ ನಿಯೋಬಿಯಂ ಟೈಟೇನಿಯಂ ನೈಟ್ರೈಡ್‌ನ ಜೋಡಿಬಲವನ್ನು ಅಲುಗಿಸಿ, ಅದು ತೊನೆಯುವುದನ್ನು ಕಾಲದ ಗತಿಯಲ್ಲೇ ಹಿಡಿಯಿತು. ಅದೇ ಬಗೆಯ ಮಿಡಿತಗಳನ್ನು ಬಳಿಕ ಮೆಗ್ನೀಷಿಯಂ ಡೈಬೋರೈಡ್‌ಗೂ ಬಳಸಿ ಲೆಗೆಟ್ ಓಲಾಟವನ್ನು ಹುಡುಕಿದ್ದಾರೆ. ರಾಮನ್ ಶಿಖರದ ಅರ್ಥ ಒಂದೇ ಪ್ರಯೋಗದ ಮೇಲೆ ನಿಂತಿಲ್ಲ.

ಇನ್ನೊಂದು ಆಕ್ಷೇಪ ಇತಿಹಾಸದ್ದು: ಇಲಿನಾಯ್, ಟೋಕಿಯೋಗಳ ಕೆಲಸವನ್ನು ಕನ್ನಂಬಾಡಿಯ ಲೆಕ್ಕಕ್ಕೆ ಬರೆಯುವುದು ಹೆಮ್ಮೆಯ ಹಂಬಲವಲ್ಲವೇ? ಆ ಶೋಧಗಳು ನಮ್ಮವೆಂದು ನಾನು ಹೇಳುತ್ತಿಲ್ಲ. ಕೇಳುತ್ತಿರುವುದು ಇಷ್ಟು: ಬೆಂಗಳೂರು ಈ ವಿಷಯದಲ್ಲಿ ಯಾವ ಬಗೆಯ ಊರಾಗಿತ್ತು? 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡುಗಳಲ್ಲಿ ಅತಿವಾಹಕತೆ ಕಂಡಾಗ, ಆ ಜಾತಿಯ ಲ್ಯಾಂಥನಂ ತಾಮ್ರ ಆಕ್ಸೈಡನ್ನು ಬೆಂಗಳೂರಿನ ಸಿ.ಎನ್.ಆರ್. ರಾವ್ ಮತ್ತು ಪಿ. ಗಂಗೂಲಿ ವರ್ಷಗಳ ಹಿಂದೆಯೇ ಅಭ್ಯಸಿಸಿದ್ದರು. 1987ರಲ್ಲಿ ದ್ರವ ಸಾರಜನಕದ ಉಷ್ಣತೆಗಿಂತ ಮೇಲೆ ಅತಿವಾಹಕವಾಗುವ ಯಿಟ್ರಿಯಂ ಬೇರಿಯಂ ತಾಮ್ರ ಆಕ್ಸೈಡಿನಲ್ಲಿ ಆ ಗುಣಕ್ಕೆ ಕಾರಣವಾದ ಘಟಕ ಯಾವುದೆಂದು ಜಗತ್ತಿನ ಮೊದಲಿಗರ ಸಾಲಿನಲ್ಲೇ ಗುರುತಿಸಿದ್ದು ಟಾಟಾ ಸಂಸ್ಥೆಯ ಬಳಗ. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಫಿಲಿಪ್ ಆಂಡರ್ಸನ್, ಈ ಆಕ್ಸೈಡುಗಳಲ್ಲಿ ಜೋಡಿಗೂಡುವಿಕೆಗೆ ಹರಳಿನ ಕಂಪನ ಬೇಕಿಲ್ಲ, ಎಲೆಕ್ಟ್ರಾನುಗಳ ಪರಸ್ಪರ ಕಟ್ಟುಪಾಡೇ ಸಾಕು ಎಂಬ ತಮ್ಮ ಹೊಸ ವಿಚಾರವನ್ನು ಮುಂದಿಟ್ಟರು. ತಂತಿಯ ಆಸೆಯೇ ಪತ್ರಿಕೆಗಳನ್ನು ತುಂಬಿದ್ದ ವರ್ಷ ಈ ಊರಿನಲ್ಲಿ ನಡೆದ ಚರ್ಚೆ ಗುಂಪಿನ ಸ್ವಭಾವ ಎಂಥದ್ದು ಎಂಬುದರ ಬಗ್ಗೆ. ಆ ಆಕ್ಸೈಡುಗಳು ಮಡಕೆ ಚೂರಿನಂತೆ ಮುರಿಯುವ ಪದಾರ್ಥಗಳು. ತಂತಿ ಎಳೆಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ, ಆ ಚರ್ಚೆ ಮಾತ್ರ ಇಂದಿಗೂ ಮುಗಿದಿಲ್ಲ.

2008ರಲ್ಲಿ ಹೊಸೊನೊ ಬಳಗ ಕಬ್ಬಿಣದ ಸಂಯುಕ್ತದಲ್ಲಿ 26 ಕೆಲ್ವಿನ್‌ನ ಅತಿವಾಹಕತೆ ಕಂಡ ಮೇಲೆ ಬಹುಪಟ್ಟಿಯ ಪ್ರಶ್ನೆ ಮತ್ತೆ ನಡುಮನೆಗೆ ಬಂತು. ಕಬ್ಬಿಣದ ಐದು ಬಗೆಯ ಎಲೆಕ್ಟ್ರಾನ್ ಕಕ್ಷೆಗಳೂ ಕೈಜೋಡಿಸುವುದರಿಂದ ಇಲ್ಲಿ ಪಟ್ಟಿಗಳು ಎರಡಕ್ಕೆ ನಿಲ್ಲುವುದಿಲ್ಲ. ಅವುಗಳ ಪ್ರಾವಸ್ಥೆಗಳು ಪರಸ್ಪರ ಎದುರುಬದುರಾಗಿರಬಹುದು ಎಂಬುದು ಪ್ರಬಲವಾದ ವಿಚಾರ. 2010ರಲ್ಲಿ ಟಾಟಾ ಸಂಸ್ಥೆಯ ಎ.ಕೆ. ಸೂದ್ ಬಳಗ, ಜವಾಹರಲಾಲ್ ನೆಹರೂ ಕೇಂದ್ರದ ಉಮೇಶ್ ವಾಘ್ಮಾರೆ ಅವರ ಲೆಕ್ಕಾಚಾರದ ಜತೆಗೆ, ಕಬ್ಬಿಣದ ಸೆಲೆನೈಡಿನ ಹರಳಿನ ಕಂಪನ ಮತ್ತು ಎಲೆಕ್ಟ್ರಾನಿನ ಜಿಗಿತಗಳನ್ನು ರಾಮನ್ ಚದುರಿಕೆಯಲ್ಲಿ ಓದಿತು. ಅದು ಲೆಗೆಟ್ ಓಲಾಟದ ಶೋಧವಲ್ಲ. ಆದರೆ ಕೃಷ್ಣನ್ ಅವರ ವಜ್ರದ ಪ್ಲೇಟುಗಳಿಂದ ಆ ಸೆಲೆನೈಡಿನವರೆಗೆ, ಒಂದೇ ಆವರಣದಲ್ಲಿ, ಒಂದೇ ಪ್ರಶ್ನೆ ಆರು ದಶಕಕ್ಕೂ ಹೆಚ್ಚು ಕಾಲ ಬದುಕಿತ್ತು ಎಂಬುದಕ್ಕೆ ಅದು ಸಾಕ್ಷಿ. ಪರಂಪರೆ ಎಂದು ನಾನು ಹೇಳುವುದು ಇದನ್ನೇ.

ಕೊನೆಯದು ಎಲ್ಲಕ್ಕಿಂತ ಭಾರವಾದ ಆಕ್ಷೇಪ. ಮುಳುಗಿದ ಹಳ್ಳಿಗಳ ಮಕ್ಕಳಿಗೆ, ರಾತ್ರಿ ತ್ರೀಫೇಸ್ ಕರೆಂಟಿಗಾಗಿ ಕಾಯುವ ಕೆ.ಆರ್. ಪೇಟೆಯ ಪಂಪ್‌ಸೆಟ್ಟಿನವರಿಗೆ, ಒಂಬತ್ತು ಮಿಲಿ ಎಲೆಕ್ಟ್ರಾನ್ ವೋಲ್ಟಿನ ಶಿಖರದಿಂದ ಏನು ಬಂತು? ಲೆಗೆಟ್ ಓಲಾಟದಿಂದ ಇದುವರೆಗೆ ಯಾರ ಮನೆಗೂ ದೀಪ ಬಂದಿಲ್ಲ. ಬರುತ್ತದೆ ಎಂದು ಹೇಳಿದರೆ ವಂಚನೆಯಾಗುತ್ತದೆ. ಅತಿವಾಹಕಗಳು ಈಗಾಗಲೇ ಜನರಿಗೆ ಒದಗಿರುವುದು ಮುಖ್ಯವಾಗಿ ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳಲ್ಲಿ. ಅಲ್ಲಿ ನಿಯೋಬಿಯಂ ಟೈಟೇನಿಯಂ ತಂತಿಯ ಸುರುಳಿ ದ್ರವ ಹೀಲಿಯಂನ ತಂಪಿನಲ್ಲಿ ಕುಂದದ ಕಾಂತಕ್ಷೇತ್ರವನ್ನು ಕೊಡುತ್ತದೆ. ಜಿನೀವಾದ ಸೆರ್ನ್ ತನ್ನ ಕಣವೇಗವರ್ಧಕದ ಉನ್ನತೀಕರಣಕ್ಕೆ ಭಾರೀ ಕರೆಂಟು ಸಾಗಿಸಲು ಆರಿಸಿಕೊಂಡಿರುವುದು ಎರಡು ಪಟ್ಟಿಯ ಮೆಗ್ನೀಷಿಯಂ ಡೈಬೋರೈಡಿನ ಕೇಬಲ್ಲನ್ನು. ಅದು ಎಷ್ಟು ಉಷ್ಣತೆ, ಎಷ್ಟು ಕಾಂತಕ್ಷೇತ್ರವನ್ನು ತಾಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾದರೆ ಎರಡು ಗುಂಪುಗಳನ್ನೂ, ಅವುಗಳ ನಡುವಣ ಕಟ್ಟು ಎಷ್ಟು ಬಿಗಿ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಆ ಬಿಗಿಯನ್ನು ತಿಳಿಸುವ ಅಳತೆಗಳಲ್ಲಿ ಲೆಗೆಟ್ ಶಿಖರವೂ ಒಂದು. ಇಷ್ಟರಿಂದ ಮುಳುಗಡೆಯ ಸಾಲ ತೀರುವುದಿಲ್ಲ, ಅದು ತೀರಬೇಕಾದದ್ದು ಸರ್ಕಾರದ ಕಡತಗಳಲ್ಲಿ. ಆದರೆ ಶಾಲೆಯ ಪಾಠದಲ್ಲಿ, ತಾಲ್ಲೂಕಿನ ಚರಿತ್ರೆಯಲ್ಲಿ, ಕೃಷ್ಣರಾಜಸಾಗರದ ಮಾಹಿತಿ ಫಲಕದಲ್ಲಿ ಕಬ್ಬು, ಚಿನ್ನಗಳ ಪಕ್ಕಕ್ಕೆ ಈ ಮೂರನೆಯ ಬಾಬ್ತನ್ನೂ ಬರೆಯಬೇಕು: ಇಲ್ಲಿನ ನೀರು ಬೆಂಗಳೂರಿನಲ್ಲಿ ಪಾದರಸದ ದೀಪವಾಗಿ ಉರಿಯಿತು, ಆ ದೀಪದ ಬೆಳಕಿನಲ್ಲಿ ಹರಳುಗಳ ಒಳಗಿನ ಸಾಮೂಹಿಕ ಚಲನೆಯನ್ನು ಓದಿದ ವಿದ್ಯೆಯನ್ನೇ ಅತಿವಾಹಕಗಳ ಸಂಶೋಧಕರು ಇಂದಿಗೂ ಬಳಸುತ್ತಿದ್ದಾರೆ.